ಎಮರ್ಜೆನ್ಸಿಯಲ್ಲಿ ಟ್ರೇನು ಟೈಮಿಗೆ ಬರುತ್ತಿತ್ತು, ನಿಜ. ಕೋರ್ಟಿನ ಬಾಗಿಲು?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ನಮ್ಮ ಮಾವನವರು 1970ರ ದಶಕದಲ್ಲಿ ಮಾಟುಂಗದ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದರು. "ಎಮರ್ಜೆನ್ಸಿ ಅಷ್ಟೇನೂ ಕೆಟ್ಟದಿರಲಿಲ್ಲ, ಟ್ರೇನು ಟೈಮಿಗೆ ಬರುತ್ತಿತ್ತು" ಅನ್ನುತ್ತಾರೆ. ಮಗಳು ಕಾನೂನು ಓದುತ್ತಿದ್ದಾಳೆ. "ಆಗ ಜೀವ ತೆಗೆದರೂ ಕೋರ್ಟಿನಲ್ಲಿ ಕೇಳುವ ಹಾಗಿರಲಿಲ್ಲ" ಅಂತ ಅವಳ ವಾದ. ಇದು ಅತಿಯಾಯಿತು ಅಲ್ವಾ? 2019ರಲ್ಲಿ ಮಹಾರಾಷ್ಟ್ರಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು, 2020ರಲ್ಲಿ ಲಾಕ್‌ಡೌನ್ ಬಂತು. ಅವೂ ಎಮರ್ಜೆನ್ಸಿಯೇನಾ? 1975ರ ಹಾಗೆ ಮತ್ತೆ ಆಗಬಹುದಾ? ಹಾಗೇನಾದರೂ ಆದರೆ ನಮ್ಮಂಥವರಿಗೆ, ಬ್ಯಾಂಕಿನಲ್ಲಿರುವ ನಮ್ಮ ದುಡ್ಡಿಗೆ ಏನಾಗುತ್ತದೆ?

ಉತ್ತರ: ನಿಮ್ಮ ಮಾವನವರು ಹೇಳುವುದು ಸುಳ್ಳಲ್ಲ. ನಾನೂ ಆಗ ಇದೇ ಊರಲ್ಲಿದ್ದೆ. ಕುಂದಾಪುರದ ಕಡೆಯಿಂದ ಬಂದು, ಫೋರ್ಟ್‌ನಲ್ಲಿ ಹೈಕೋರ್ಟಿಗೆ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮಾಣಿಯಾಗಿದ್ದೆ. ವಯಸ್ಸು ಹದಿನಾರು. ಹಗಲು ಹೋಟೆಲು, ಸಂಜೆ ಮೇಲೆ ಕನ್ನಡ ರಾತ್ರಿಶಾಲೆ. ಲೋಕಲ್ ಟ್ರೇನು ಹೊತ್ತಿಗೆ ಸರಿಯಾಗಿ ಬರುತ್ತಿದ್ದದ್ದು ನನಗೂ ನೆನಪಿದೆ.

ಆ ದಿನಗಳಲ್ಲಿ ನನ್ನ ಕೆಲಸಕ್ಕೆ ಇನ್ನೊಂದು ಕೆಲಸ ಸೇರಿಕೊಂಡಿತು. ಅಂಗಡಿ, ಹೋಟೆಲಿನವರು ಬೆಲೆಯನ್ನೂ ದಾಸ್ತಾನನ್ನೂ ಹೊರಗೆ ಬರೆದು ಹಾಕಬೇಕು ಅಂತ ಸರಕಾರದ ಕಟ್ಟಪ್ಪಣೆ. ಇಡ್ಲಿ ಇಷ್ಟು, ಚಾ ಇಷ್ಟು, ಅಕ್ಕಿ ಎಷ್ಟು ಚೀಲ, ಸಕ್ಕರೆ ಎಷ್ಟು ಕಿಲೋ. ನನ್ನ ಅಕ್ಷರ ದುಂಡಗಿತ್ತು, ಹಾಗಾಗಿ ಪ್ರತಿ ಬೆಳಿಗ್ಗೆ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನಾನೇ ಬರೆಯುತ್ತಿದ್ದೆ. ಕೆಲವು ದಿನಗಳ ನಂತರ ಧಣಿಗಳು ಇನ್ನೊಂದು ಸಣ್ಣ ಹಲಗೆ ಬರೆಸಿ ಒಳಗೆ ತೂಗುಹಾಕಿದರು. "ಇಲ್ಲಿ ರಾಜಕೀಯ ಮಾತಾಡಬಾರದು." ನಿಮ್ಮ ಮಾವನವರ ನೆನಪಿನಲ್ಲಿ ಉಳಿದದ್ದು ಮೊದಲ ಹಲಗೆ. ನಿಮ್ಮ ಮಗಳು ಹೇಳುತ್ತಿರುವುದು ಎರಡನೆಯದರ ಬಗ್ಗೆ.

ಟ್ರೇನಿನ ಹಿಂದೆ ಒಂದು ಕತೆ ಇದೆ, ಅದನ್ನು ಹೇಳಿಬಿಡುತ್ತೇನೆ. 1974ರ ಮೇ ತಿಂಗಳಲ್ಲಿ ದೇಶದ ರೈಲ್ವೆ ಕೆಲಸಗಾರರು ಸುಮಾರು 20 ದಿನ ಮುಷ್ಕರ ಹೂಡಿದ್ದರು. ಮುಂದಾಳು ಜಾರ್ಜ್ ಫರ್ನಾಂಡಿಸ್. ಮಂಗಳೂರಿನಿಂದ ಮುಂಬಯಿಗೆ ಬರಿಗೈಯಲ್ಲಿ ಬಂದು, ಹೋಟೆಲು ಕೆಲಸದವರು, ಟ್ಯಾಕ್ಸಿಯವರು, ಮುನಿಸಿಪಾಲಿಟಿ ಕೆಲಸಗಾರರನ್ನು ಒಟ್ಟುಗೂಡಿಸಿದವರು. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ದೊಡ್ಡ ನಾಯಕ ಎಸ್.ಕೆ. ಪಾಟೀಲರನ್ನು ಸೋಲಿಸಿದವರು. ಆ ಮುಷ್ಕರವನ್ನು ಸರಕಾರ ಮುರಿಯಿತು. ಸಾವಿರಾರು ಜನ ಜೈಲು ಸೇರಿದರು, ಎಷ್ಟೋ ಜನ ಕೆಲಸ ಕಳೆದುಕೊಂಡರು. ಮುಂದಿನ ವರ್ಷ ಎಮರ್ಜೆನ್ಸಿ ಬಂದಾಗ ಮುಷ್ಕರ ಅನ್ನುವ ಮಾತೇ ಇರಲಿಲ್ಲ. ಟೈಮಿಗೆ ಬಂದ ಟ್ರೇನಿನಲ್ಲಿ ಆ ಹೆದರಿಕೆಯೂ ಇತ್ತು. 1975ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ತಂದು ಕೆಲಸಗಾರರ ಕನಿಷ್ಠ ಬೋನಸ್ಸನ್ನು ಶೇಕಡಾ 8.33ರಿಂದ ಶೇಕಡಾ 4ಕ್ಕೆ ಇಳಿಸಿದರು. ಬೀದಿಗೆ ಇಳಿದವರು ಅಪರೂಪ. ಇಳಿಯುವ ಹಾಗಿರಲಿಲ್ಲ.

ಈಗ ಮಗಳ ಮಾತಿಗೆ ಬರೋಣ. ಅದು ಅತಿಯಲ್ಲ. ಅಕ್ಷರಶಃ ನಿಜ.

ನಮ್ಮ ಹೋಟೆಲಿಗೆ ಸಂಜೆ ಚಾ ಕುಡಿಯಲು ಬರುತ್ತಿದ್ದ ಒಬ್ಬರಿದ್ದರು. ನಮ್ಮೂರ ಕಡೆಯವರೇ. ಪರೇಲಿನ ಒಂದು ಗಿರಣಿಯಲ್ಲಿ ಕೆಲಸ, ಯೂನಿಯನ್ನಿನ ಓಡಾಟ. ಒಂದು ರಾತ್ರಿ ಚಾಳಿಗೆ ಪೊಲೀಸರು ಬಂದು ಕರೆದುಕೊಂಡು ಹೋದರು. 1976ರ ಬೇಸಿಗೆ ಅದು. ಎರಡು ವಾರ ಕಳೆದ ಮೇಲೆ ಅವರ ಹೆಂಡತಿ ಮಗುವನ್ನು ಎತ್ತಿಕೊಂಡು ಹೋಟೆಲಿಗೆ ಬಂದರು. ಇಲ್ಲಿ ವಕೀಲರು ಊಟಕ್ಕೆ ಬರುತ್ತಾರೆ ಅಂತ ಗಂಡ ಯಾವಾಗಲೋ ಹೇಳಿದ್ದರಂತೆ. ಆಕೆಗೆ ಮರಾಠಿ ಬರುತ್ತಿರಲಿಲ್ಲ. ಮೂಲೆಯ ಟೇಬಲಿನಲ್ಲಿದ್ದ ಮರಾಠಿ ವಕೀಲರ ಹತ್ತಿರ ಧಣಿಗಳು ನನ್ನನ್ನು ಜೊತೆಗೆ ಕಳಿಸಿದರು. ಆಕೆ ಕೇಳಿದ್ದು ಇಷ್ಟೇ: "ಬಿಡಿಸೋದು ಬೇಡ. ಯಾಕೆ ಹಿಡಿದರು, ಎಲ್ಲಿಟ್ಟಿದ್ದಾರೆ ಅಂತ ಕೇಳಬಹುದಾ?" ನಾನು ಮರಾಠಿಯಲ್ಲಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಗ್ಗಿದ ದನಿಯಲ್ಲಿ, "ಕೋರ್ಟಾಚಂ ದಾರ್ ಬಂದ್ ಆಹೆ" ಅಂದರು. ಕೋರ್ಟಿನ ಬಾಗಿಲು ಮುಚ್ಚಿದೆ. ಆ ಮಾತನ್ನು ಕನ್ನಡಕ್ಕೆ ತಿರುಗಿಸಿ ಆಕೆಗೆ ಹೇಳಿದವನು ನಾನು. ಸುಪ್ರೀಂ ಕೋರ್ಟಿನ ತೀರ್ಪು ಬಂದು ಆಗ ತಿಂಗಳೂ ಆಗಿರಲಿಲ್ಲ ಅನ್ನುವುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ, ಲಾ ಕಾಲೇಜಿನಲ್ಲಿ.

ಆ ಬಾಗಿಲು ಹೇಗೆ ಮುಚ್ಚಿತು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಿಮ್ಮ ಉಳಿದ ಪ್ರಶ್ನೆಗಳಿಗೆಲ್ಲ ಕೀಲಿ ಅಲ್ಲೇ ಇದೆ.

ನಮ್ಮ ಸಂವಿಧಾನದಲ್ಲಿ ತುರ್ತು ಪರಿಸ್ಥಿತಿ ಮೂರು ಬಗೆ. 352ನೇ ವಿಧಿಯದು ದೇಶದ ಎಮರ್ಜೆನ್ಸಿ. 356ರದು ಒಂದು ರಾಜ್ಯದ ಮಟ್ಟಿಗೆ, ಅದನ್ನೇ ರಾಷ್ಟ್ರಪತಿ ಆಳ್ವಿಕೆ ಅನ್ನುತ್ತೇವೆ. 360ರದು ಹಣಕಾಸಿನದು. ಇದನ್ನು ಇವತ್ತಿನವರೆಗೆ ಒಮ್ಮೆಯೂ ಬಳಸಿಲ್ಲ. 352ನ್ನು ಮೂರು ಸಲ ಬಳಸಿದ್ದಾರೆ. ಚೀನಾ ಯುದ್ಧದಲ್ಲಿ 1962ರ ಅಕ್ಟೋಬರ್ 26ರಂದು, ಪಾಕಿಸ್ತಾನದ ಯುದ್ಧದಲ್ಲಿ 1971ರ ಡಿಸೆಂಬರ್ 3ರಂದು, ಆಮೇಲೆ 1975ರ ಜೂನ್ 25ರ ರಾತ್ರಿ. ತುಂಬಾ ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. 1971ರದ್ದನ್ನು 1975ರವರೆಗೂ ತೆಗೆದಿರಲೇ ಇಲ್ಲ. ಯುದ್ಧ ಮುಗಿದು ಮೂರೂವರೆ ವರ್ಷವಾಗಿತ್ತು. ಒಂದು ಎಮರ್ಜೆನ್ಸಿ ಇದ್ದಾಗಲೇ ಅದರ ಮೇಲೆ ಇನ್ನೊಂದನ್ನು ಹೇರಿದರು. ಒಮ್ಮೆ ಕೈಗೆ ಬಂದ ಅಧಿಕಾರವನ್ನು ತಾನಾಗಿ ಬಿಟ್ಟುಕೊಟ್ಟ ಸರಕಾರವನ್ನು ನಾನಂತೂ ಹೆಚ್ಚು ಕಂಡಿಲ್ಲ.

ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ, ಪ್ರಧಾನಿ ಇಂದಿರಾ ಗಾಂಧಿಯವರ ಚುನಾವಣೆಯನ್ನು ಅಸಿಂಧು ಅಂದರು. ಜೂನ್ 24ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಷರತ್ತಿನ ತಡೆಯಾಜ್ಞೆ ಕೊಟ್ಟರು. ಮರುದಿನ ರಾತ್ರಿಯೇ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಸಹಿ ಹಾಕಿದರು. ಕೊಟ್ಟ ಕಾರಣ "ಆಂತರಿಕ ಗಲಭೆ". ಸಚಿವ ಸಂಪುಟಕ್ಕೆ ಗೊತ್ತಾದದ್ದು 26ರ ಬೆಳಿಗ್ಗೆ, ಎಲ್ಲ ಮುಗಿದ ಮೇಲೆ. ಸಂಪುಟ ಸೇರದೆಯೇ ತೀರ್ಮಾನ ತೆಗೆದುಕೊಳ್ಳಲು ಪ್ರಧಾನಿಗೆ ಅವಕಾಶ ಕೊಡುವ 12ನೇ ನಿಯಮ ಅಂತ ಒಂದಿದೆ, ಸರಕಾರದ ವ್ಯವಹಾರ ನಿಯಮಗಳಲ್ಲಿ. ಅದನ್ನು ಬಳಸಿದರು. ಈ 12ನೇ ನಿಯಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಆ ಬೆಳಿಗ್ಗೆಯೇ ಬೆಂಗಳೂರಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮುಂತಾದವರನ್ನು ಹಿಡಿದರು. ಸಂಸತ್ತಿನ ಸಮಿತಿಯ ಕೆಲಸಕ್ಕೆ ಅಂತ ಅಲ್ಲಿಗೆ ಹೋಗಿದ್ದವರು ಅವರು. ನಟಿ ಸ್ನೇಹಲತಾ ರೆಡ್ಡಿ 1976ರಲ್ಲಿ ಬೆಂಗಳೂರು ಜೈಲು ಸೇರಿದರು. ಆಸ್ತಮಾ ಇತ್ತು. 1977ರ ಜನವರಿಯಲ್ಲಿ ಹೊರಗೆ ಬಿಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು. ಜಾರ್ಜ್ ಫರ್ನಾಂಡಿಸ್ ಭೂಗತರಾಗಿದ್ದಾಗ ಅವರ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಹಿಡಿದು ಚಿತ್ರಹಿಂಸೆ ಕೊಟ್ಟರು. ಇಲ್ಲಿ, ಮರಾಠಿ ಲೇಖಕಿ ದುರ್ಗಾ ಭಾಗವತ್ ಕರಾಡದ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆಯಾಗಿ ಬಹಿರಂಗವಾಗಿಯೇ ಎಮರ್ಜೆನ್ಸಿಯನ್ನು ಖಂಡಿಸಿದರು, ಮುಂದೆ ಅವರೂ ಜೈಲಿಗೆ ಹೋದರು. ಪುಣೆಯ ಯೆರವಡಾ, ನಾಸಿಕ್, ಠಾಣೆ ಜೈಲುಗಳು ತುಂಬಿಹೋದವು. ಮುಂದೆ ಎಮರ್ಜೆನ್ಸಿಯ ಅತಿರೇಕಗಳನ್ನು ವಿಚಾರಿಸಿದ ಶಾ ಆಯೋಗ ಕೊಟ್ಟ ಲೆಕ್ಕ ಇದು: ವಿಚಾರಣೆ ಇಲ್ಲದೆ ಹಿಡಿದಿಡಲು ಬಿಡುತ್ತಿದ್ದ ಮೀಸಾ ಕಾಯ್ದೆಯಡಿ ಸೆರೆಯಾದವರು 34,988. ಭಾರತ ರಕ್ಷಣಾ ನಿಯಮಗಳಡಿ 75,818. ಎರಡೂ ಸೇರಿ ಒಂದು ಲಕ್ಷ ದಾಟುತ್ತದೆ.

ಹೆಸರು ಗೊತ್ತಿದ್ದವರ ವಿಷಯ ಪುಸ್ತಕಗಳಲ್ಲಿ ಸಿಗುತ್ತದೆ. ಗಿರಣಿಯ ಆ ಮನುಷ್ಯನಂಥವರ ವಿಷಯ ಸಿಗುವುದಿಲ್ಲ. ಮೀಸಾಗೆ ಮಾಡಿದ ತಿದ್ದುಪಡಿಯ ಪ್ರಕಾರ, ಯಾಕೆ ಹಿಡಿದೆವು ಅಂತ ಸೆರೆಯಾದವನಿಗೂ ಹೇಳಬೇಕಾಗಿರಲಿಲ್ಲ. ಅದರ ಮೇಲೆ 1975ರ ಜೂನ್ 27ರಂದು 359ನೇ ವಿಧಿಯಡಿ ರಾಷ್ಟ್ರಪತಿಯ ಆದೇಶ ಬಂತು. 14, 21, 22ನೇ ವಿಧಿಗಳ ಹಕ್ಕು ಹಿಡಿದು ಯಾರೂ ಕೋರ್ಟಿಗೆ ಹೋಗುವ ಹಾಗಿಲ್ಲ. ಸಮಾನತೆಯ ಹಕ್ಕು, ಜೀವದ ಹಕ್ಕು, ಬಂಧನದಲ್ಲಿ ಸಿಗಬೇಕಾದ ರಕ್ಷಣೆ. ಮೂರೂ.

ಆದರೂ ಹೈಕೋರ್ಟುಗಳು ಸುಲಭಕ್ಕೆ ಬಗ್ಗಲಿಲ್ಲ. ಕಾನೂನು ಮೀರಿ ಹಿಡಿದಿದ್ದರೆ ನಾವು ಕೇಳಿಯೇ ಕೇಳುತ್ತೇವೆ ಅಂತ ಒಂಬತ್ತು ಹೈಕೋರ್ಟುಗಳು ಹೇಳಿದವು. ಅದರಲ್ಲಿ ಕರ್ನಾಟಕದ್ದೂ ಇತ್ತು, ಬಾಂಬೆಯದ್ದೂ ಇತ್ತು. ನಮ್ಮ ಬಾಂಬೆ ಹೈಕೋರ್ಟಿನ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ. ವಕೀಲರು ಸೇರಿ ನಾಗರಿಕ ಹಕ್ಕುಗಳ ಬಗ್ಗೆ ಸಭೆ ನಡೆಸಲು ಹೊರಟಾಗ ಪೊಲೀಸ್ ಕಮಿಷನರ್ ಅನುಮತಿ ಕೊಡಲಿಲ್ಲ. ನ್ಯಾಯಮೂರ್ತಿ ತುಳಜಾಪುರಕರ್ ಅವರಿದ್ದ ಪೀಠ ಅದು ತಪ್ಪು ಅಂದಿತು. ಮೀನೂ ಮಸಾನಿಯವರ 'ಫ್ರೀಡಂ ಫಸ್ಟ್' ಪತ್ರಿಕೆಯ ಬರಹಗಳನ್ನು ಸೆನ್ಸಾರಿನವರು ತಡೆದಾಗ, 1976ರ ಫೆಬ್ರವರಿಯಲ್ಲಿ, ನ್ಯಾಯಮೂರ್ತಿ ಮದನ್ ಅವರಿದ್ದ ಪೀಠ ತಡೆ ತೆಗೆಯಿತು. ಸರಕಾರವನ್ನು ಟೀಕಿಸಿದ್ದಕ್ಕೇ ಒಂದು ಬರಹವನ್ನು ತಡೆಯುವುದು ಸೆನ್ಸಾರಿನ ಕೆಲಸವಲ್ಲ ಅನ್ನುವುದು ಆ ತೀರ್ಪಿನ ತಿರುಳು. ದೇಶದ ಬಾಯಿ ಕಟ್ಟಿದ್ದ ಹೊತ್ತಿನಲ್ಲಿ ಬರೆದ ತೀರ್ಪು ಅದು.

ಆಮೇಲೆ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಜಬಲ್ಪುರ ಪ್ರಕರಣ ಅಂತ ಅದಕ್ಕೆ ಹೆಸರು. ವಿಚಾರಣೆಯಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಸರಕಾರದ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ನೇರವಾಗಿ ಕೇಳಿದರು. ಒಬ್ಬ ಪೊಲೀಸು ಸ್ವಂತ ಹಗೆಯಿಂದ ಒಬ್ಬನನ್ನು ಕೊಂದರೆ? ಆಗಲೂ ಕೋರ್ಟಿನಲ್ಲಿ ಪರಿಹಾರ ಇಲ್ಲವೇ? ಈ ಆದೇಶ ಜಾರಿಯಲ್ಲಿ ಇರುವವರೆಗೆ ಇಲ್ಲ ಅಂತ ಉತ್ತರ ಬಂತು. ನಿಮ್ಮ ಮಗಳು ಹೇಳಿದ್ದು ಇದನ್ನೇ. 1976ರ ಏಪ್ರಿಲ್ 28ರಂದು ತೀರ್ಪು ಬಂತು. ಐವರಲ್ಲಿ ನಾಲ್ವರು ಸರಕಾರದ ಪರ. ಖನ್ನಾ ಒಬ್ಬರೇ ಬೇರೆ ಬರೆದರು. ಮುಂದಿನ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಆಗಬೇಕಾಗಿದ್ದ ಅವರನ್ನು ಬಿಟ್ಟು ಅವರಿಗಿಂತ ಕಿರಿಯರನ್ನು ಆ ಸ್ಥಾನದಲ್ಲಿ ಕೂರಿಸಿದರು. ಅವರು ರಾಜೀನಾಮೆ ಕೊಟ್ಟು ಹೋದರು.

ನಾಲ್ವರಲ್ಲಿ ಒಬ್ಬರು ಪುಣೆಯಲ್ಲಿ ಹುಟ್ಟಿದ ವೈ.ವಿ. ಚಂದ್ರಚೂಡ್. 41 ವರ್ಷದ ನಂತರ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ತೀರ್ಪು ತಪ್ಪು ಅಂತ ತಳ್ಳಿಹಾಕಿತು. ಅದನ್ನು ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್. ಆ ಕೇಸು ಹಾಕಿದವರು ಯಾರು ಗೊತ್ತಾ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ ಅವರು ಹೂಡಿದ ದಾವೆಯಲ್ಲಿ ಖಾಸಗಿತನದ ಹಕ್ಕಿನ ಜೊತೆಗೆ ಈ ಹಳೆಯ ಕಲೆಯೂ ಅಳಿಸಿತು. ಮಗಳು ಈ ತೀರ್ಪನ್ನು ಓದಿರುತ್ತಾಳೆ. ಓದಿರದಿದ್ದರೆ ಖನ್ನಾ ಅವರ ಭಿನ್ನ ತೀರ್ಪನ್ನು ಮೊದಲು ಓದಲಿ, ಆಮೇಲೆ ಇದನ್ನು.

ಮಾವನವರು ಕೆಟ್ಟದಿರಲಿಲ್ಲ ಅಂದಾಗ ನನಗೆ ಇನ್ನೊಂದು ಜಾಗ ನೆನಪಾಗುತ್ತದೆ. ಮಾನ್‌ಖುರ್ದ್ ಕಡೆ ಜನತಾ ಕಾಲನಿ ಅಂತ ಒಂದಿತ್ತು. ಮುನಿಸಿಪಾಲಿಟಿಯೇ ಬೇರೆ ಕಡೆಯಿಂದ ಎಬ್ಬಿಸಿ ತಂದು ಕೂರಿಸಿದ ಬಡವರ ಕಾಲನಿ. 1976ರ ಮೇ ತಿಂಗಳಲ್ಲಿ ಅದನ್ನು ನೆಲಸಮ ಮಾಡಿ, ಹತ್ತಾರು ಸಾವಿರ ಜನರನ್ನು ಚೀತಾ ಕ್ಯಾಂಪಿನ ಜೌಗು ನೆಲಕ್ಕೆ ಸಾಗಿಸಿದರು. ಅದೇ ವರ್ಷ ಮಹಾರಾಷ್ಟ್ರದ ಶಾಸಕಾಂಗ, ಮೂರು ಮಕ್ಕಳಾದವರಿಗೆ ಕಡ್ಡಾಯವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಅನ್ನುವ ಮಸೂದೆಯನ್ನೇ ಪಾಸು ಮಾಡಿತು. ರಾಷ್ಟ್ರಪತಿಯ ಒಪ್ಪಿಗೆ ಸಿಗದೆ ಅದು ಕಾಯ್ದೆಯಾಗಲಿಲ್ಲ, ಪುಣ್ಯ. ದೇಶದಲ್ಲಿ 1976-77ರ ಒಂದೇ ವರ್ಷ 81 ಲಕ್ಷಕ್ಕೂ ಜಾಸ್ತಿ ಇಂಥ ಆಪರೇಷನ್‌ಗಳಾದವು. ಇಟ್ಟುಕೊಂಡ ಗುರಿ ಅದರ ಅರ್ಧದಷ್ಟು. ಯಾರ ಮೇಲಾದರೂ ಬಲವಂತ ಆದರೆ ಬರೆಯಲು ಪೇಪರಿಲ್ಲ, ಕೇಳಲು ಶಾಸಕರಿಲ್ಲ, ಹೋಗಲು ಕೋರ್ಟಿಲ್ಲ.

ಮತ್ತೆ ಆಗಬಹುದಾ ಅಂತ ಕೇಳಿದ್ದೀರಿ. ಅದೇ ರೀತಿ ಆಗುವುದು ಈಗ ಕಷ್ಟ. 1978ರಲ್ಲಿ 44ನೇ ತಿದ್ದುಪಡಿ ತಂದು ಎಮರ್ಜೆನ್ಸಿ ಬರುವ ಬಾಗಿಲಿಗೆ ಒಳ್ಳೆಯ ಅಗಳಿಗಳನ್ನು ಹಾಕಿದ್ದಾರೆ. "ಆಂತರಿಕ ಗಲಭೆ" ಅನ್ನುವ ಮಾತು ಹೋಯಿತು. ಯುದ್ಧ, ಹೊರಗಿನ ದಾಳಿ, ಇಲ್ಲವೇ ಸಶಸ್ತ್ರ ಬಂಡಾಯ ಇರಬೇಕು. ಪ್ರಧಾನಿಯ ಒಂದು ಚೀಟಿ ಸಾಲದು, ಇಡೀ ಸಂಪುಟದ ತೀರ್ಮಾನ ಲಿಖಿತವಾಗಿ ಬೇಕು. ಎರಡೂ ಸದನ ಒಂದು ತಿಂಗಳೊಳಗೆ ಒಪ್ಪಬೇಕು, ಅದೂ ಬರೀ ಬಹುಮತದಿಂದಲ್ಲ. ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು. ಆರಾರು ತಿಂಗಳಿಗೆ ಮತ್ತೆ ಇದೇ ಪರೀಕ್ಷೆ. ಬೇಡ ಅಂದರೆ ಲೋಕಸಭೆ ಸಾದಾ ಬಹುಮತದಿಂದ ಕಿತ್ತುಹಾಕಬಹುದು. ಲೋಕಸಭೆಯ ಹತ್ತನೇ ಒಂದು ಭಾಗ ಸದಸ್ಯರು ಬರೆದುಕೊಟ್ಟರೆ ಅದಕ್ಕೇ ಅಂತ 14 ದಿನದೊಳಗೆ ಸಭೆ ಸೇರಬೇಕು.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು ಇದು: ಶಿಕ್ಷೆಯ ವಿಷಯದಲ್ಲಿ ರಕ್ಷಣೆ ಕೊಡುವ 20ನೇ ವಿಧಿಯನ್ನೂ ಜೀವದ ಹಕ್ಕಿನ 21ನೇ ವಿಧಿಯನ್ನೂ ಈಗ ಯಾವ ಎಮರ್ಜೆನ್ಸಿಯಲ್ಲೂ ಮುಟ್ಟುವ ಹಾಗಿಲ್ಲ. ಯುದ್ಧವೇ ನಡೆಯುತ್ತಿರಲಿ, ಹೋಟೆಲಿಗೆ ಬಂದ ಆ ತಾಯಿಯ ಪ್ರಶ್ನೆಯನ್ನು ಹೈಕೋರ್ಟು ಕೇಳಲೇಬೇಕು.

ಹಾಗಂತ ನಿಶ್ಚಿಂತೆಯಿಂದ ಇರುವ ಹಾಗೂ ಇಲ್ಲ. ಯುದ್ಧದ ಎಮರ್ಜೆನ್ಸಿ ಬಂದರೆ 19ನೇ ವಿಧಿ ತಾನಾಗಿಯೇ ಬದಿಗೆ ಸರಿಯುತ್ತದೆ. ಬಂಡಾಯದ ಕಾರಣಕ್ಕೆ ಬಂದರೆ ಹಾಗೆ ತಾನಾಗಿ ಸರಿಯುವುದಿಲ್ಲ, ಅದಕ್ಕೆ ಬೇರೆ ಆದೇಶ ಬೇಕು, ಅದನ್ನು ಸಂಸತ್ತಿನ ಮುಂದೆ ಇಡಬೇಕು. 19 ಅಂದರೆ ಬರೀ ಭಾಷಣ ಮಾಡುವ ಹಕ್ಕು ಅಂದುಕೊಳ್ಳಬೇಡಿ. ದೇಶದ ಯಾವ ಮೂಲೆಯಲ್ಲಾದರೂ ಹೋಗಿ ನೆಲೆಸುವ, ಅಲ್ಲಿ ವ್ಯಾಪಾರ ಮಾಡುವ ಹಕ್ಕೂ ಅದೇ ವಿಧಿಯಲ್ಲಿದೆ. ಉಡುಪಿಯವರು ಮಾಟುಂಗದಲ್ಲಿ ಹೋಟೆಲು ಇಟ್ಟದ್ದು, ನೀವು ಡೊಂಬಿವಲಿಯಲ್ಲಿ ಮನೆ ಮಾಡಿದ್ದು, ನಾನು ಇಲ್ಲಿ ಕರಿಕೋಟು ಹಾಕಿದ್ದು ಎಲ್ಲವೂ ಅದರ ನೆರಳಿನಲ್ಲೇ. ಊರು ಬಿಟ್ಟು ಬಂದ ನಮ್ಮಂಥವರಿಗೆ 19ನೇ ವಿಧಿ ಉಳಿದವರಿಗಿಂತ ಒಂದು ಕೈ ಹೆಚ್ಚೇ ಬೇಕು.

ಇನ್ನೊಂದು ಕೊರಗು ನನಗಿದೆ. ವಿಚಾರಣೆ ಇಲ್ಲದೆ ಮುಂಜಾಗ್ರತೆಗೆ ಅಂತ ಒಬ್ಬರನ್ನು ಹಿಡಿದಿಟ್ಟರೆ, ಸಲಹಾ ಮಂಡಳಿಯ ಒಪ್ಪಿಗೆ ಇಲ್ಲದೆ ಮೂರು ತಿಂಗಳು ಇಡಬಹುದು. ಇದನ್ನು ಎರಡು ತಿಂಗಳಿಗೆ ಇಳಿಸುವ ಸಾಲು 44ನೇ ತಿದ್ದುಪಡಿಯಲ್ಲೇ ಇದೆ. ಸಂಸತ್ತು ಪಾಸು ಮಾಡಿದೆ. ಆದರೆ ಆ ಒಂದು ಸಾಲನ್ನು ಜಾರಿಗೆ ತರುವ ಅಧಿಸೂಚನೆಯನ್ನು ಅಂದಿನಿಂದ ಯಾವ ಸರಕಾರವೂ ಹೊರಡಿಸಲೇ ಇಲ್ಲ. ಯಾವ ಪಕ್ಷದ್ದೂ! ಎಮರ್ಜೆನ್ಸಿಯಲ್ಲಿ ಜೈಲಿಗೆ ಹೋಗಿ ಬಂದವರೂ ಅಧಿಕಾರದಲ್ಲಿ ಕೂತು ಹೊರಡಿಸಲಿಲ್ಲ. ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಇವತ್ತೂ ಒಬ್ಬರನ್ನು ವಿಚಾರಣೆ ಇಲ್ಲದೆ 12 ತಿಂಗಳವರೆಗೆ ಇಡಬಹುದು. ಅದಕ್ಕೆ ಎಮರ್ಜೆನ್ಸಿ ಬೇಕಾಗಿಯೇ ಇಲ್ಲ.

ಈಗ 2019. ಹೌದು, ರಾಷ್ಟ್ರಪತಿ ಆಳ್ವಿಕೆಯೂ ಸಂವಿಧಾನದ ತುರ್ತು ಅಧ್ಯಾಯದಲ್ಲೇ ಇದೆ. ಆದರೆ ಅದು ಬಂದಾಗ ನಿಮ್ಮ ಹಕ್ಕುಗಳಲ್ಲಿ ಒಂದೂ ಹೋಗುವುದಿಲ್ಲ. ಹೈಕೋರ್ಟಿನ ಅಧಿಕಾರ ಹಾಗೇ ಇರುತ್ತದೆ. ಮುಖ್ಯಮಂತ್ರಿಯ ಜಾಗದಲ್ಲಿ ರಾಜ್ಯಪಾಲರು ಕೂರುತ್ತಾರೆ, ವಿಧಾನಸಭೆಯ ಕೆಲಸ ಸಂಸತ್ತಿಗೆ ಹೋಗುತ್ತದೆ. ಹೋಗುವುದು ನೀವು ಹಾಕಿದ ವೋಟಿನ ಬೆಲೆ. ಅದಕ್ಕೇ ಇಲ್ಲಿಯೂ ಎಚ್ಚರ ಬೇಕು.

ಈ ಅಧ್ಯಾಯ ಸಂವಿಧಾನ ಸಭೆಯ ಮುಂದೆ ಬಂದಾಗ, 1949ರ ಆಗಸ್ಟಿನಲ್ಲಿ, ಅತಿ ಗಟ್ಟಿಯಾಗಿ ವಿರೋಧಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಇದರಿಂದ ಪೊಲೀಸ್ ರಾಜ್ಯಕ್ಕೆ ಅಡಿಪಾಯ ಹಾಕಿದ ಹಾಗಾಗುತ್ತದೆ ಅಂತ ಎಚ್ಚರಿಸಿದರು. ರಾಜ್ಯ ಸರಕಾರಗಳನ್ನು ಕಿತ್ತುಹಾಕುವ ವಿಧಿ ಬಳಕೆಗೇ ಬಾರದೆ ಸತ್ತ ಅಕ್ಷರವಾಗಿ ಉಳಿಯಲಿ ಅನ್ನುವುದು ಅಂಬೇಡ್ಕರ್ ಅವರ ಆಸೆಯಾಗಿತ್ತು. ಅದನ್ನು ನೂರಕ್ಕೂ ಹೆಚ್ಚು ಸಲ ಬಳಸಿದ್ದಾರೆ.

ಅದಕ್ಕೆ ಕಡಿವಾಣ ಬಿದ್ದದ್ದು ಕನ್ನಡಿಗರ ಕೇಸಿನಿಂದ. 1989ರ ಏಪ್ರಿಲಿನಲ್ಲಿ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಅವರದೇ ಪಕ್ಷದ ಮೊಳಕೇರಿ ಅನ್ನುವ ಶಾಸಕರು, ತಾವು ಸೇರಿ ಕೆಲವರು ಬೆಂಬಲ ವಾಪಸ್ ತೆಗೆದುಕೊಂಡಿದ್ದೇವೆ ಅಂತ 19 ಪತ್ರ ತಂದು ರಾಜ್ಯಪಾಲ ವೆಂಕಟಸುಬ್ಬಯ್ಯನವರಿಗೆ ಕೊಟ್ಟರು. ಅವರಲ್ಲಿ ಏಳು ಮಂದಿ ಕೆಲವೇ ದಿನಗಳಲ್ಲಿ "ನಮಗೆ ತಪ್ಪು ತಿಳಿಸಿ ಸಹಿ ಹಾಕಿಸಿದರು" ಅಂದರು. ಬೊಮ್ಮಾಯಿ ರಾಜಭವನಕ್ಕೆ ಹೋಗಿ ಸದನದಲ್ಲೇ ಬಹುಮತ ತೋರಿಸುತ್ತೇನೆ, ಅಧಿವೇಶನ ಬೇಕಾದರೆ ಮೊದಲೇ ಕರೆಯುತ್ತೇನೆ ಅಂದರು. ರಾಜ್ಯಪಾಲರು ಕೇಳಲಿಲ್ಲ. ಏಪ್ರಿಲ್ 21ರಂದು ಸರಕಾರ ವಜಾ. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ವಜಾ ತಪ್ಪು ಅಂತ ಹೇಳಿತು. ಬಹುಮತ ಇದೆಯೋ ಇಲ್ಲವೋ ಅನ್ನುವುದನ್ನು ಎಣಿಸಬೇಕಾದದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ. ರಾಷ್ಟ್ರಪತಿಯ ಘೋಷಣೆಯನ್ನೂ ಕೋರ್ಟು ಪರಿಶೀಲಿಸಬಹುದು. ಬೊಮ್ಮಾಯಿಯವರ ಸರಕಾರ ಮರಳಿ ಬರಲಿಲ್ಲ, ಅಷ್ಟರಲ್ಲಿ ಬೇರೆ ಚುನಾವಣೆಯೇ ಆಗಿಹೋಗಿತ್ತು. ತೀರ್ಪು ಮಾತ್ರ ಉಳಿಯಿತು.

ಅದು ಇಲ್ಲಿಗೂ ಬಂತು. 2019ರ ನವೆಂಬರ್ 12ರಂದು ಮಹಾರಾಷ್ಟ್ರಕ್ಕೆ ರಾಷ್ಟ್ರಪತಿ ಆಳ್ವಿಕೆ. 23ರ ಬೆಳಗಿನ ಜಾವ 5 ಗಂಟೆ 47 ನಿಮಿಷಕ್ಕೆ ಅದನ್ನು ತೆಗೆದರು. ಸಂಪುಟ ಸೇರಲಿಲ್ಲ, ಅದೇ 12ನೇ ನಿಯಮ! ಜನ ಚಾ ಕುಡಿಯುವ ಹೊತ್ತಿಗೆ ಫಡಣವೀಸ್ ಮತ್ತು ಅಜಿತ್ ಪವಾರ್ ಪ್ರಮಾಣವಚನ ಮುಗಿದಿತ್ತು. ಭಾನುವಾರ ಸುಪ್ರೀಂ ಕೋರ್ಟು ಕೂತಿತು. 26ರಂದು, ಅಂದರೆ ಸಂವಿಧಾನದ ದಿನವೇ, ಮರುದಿನ ಸಂಜೆ 5ರೊಳಗೆ ಬಹಿರಂಗ ಮತದಾನ ನಡೆಸಿ ಬಹುಮತ ಸಾಬೀತು ಮಾಡಿ, ನೇರ ಪ್ರಸಾರ ಮಾಡಿ ಅಂದಿತು. ಆ ಆದೇಶದಲ್ಲಿ ಬೊಮ್ಮಾಯಿ ಹೆಸರಿದೆ. ಅದೇ ದಿನ ರಾಜೀನಾಮೆ ಬಂತು. ಕೋರ್ಟು ತೆರೆದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಆ ನಾಲ್ಕು ದಿನ ಸಾಕು.

ಲಾಕ್‌ಡೌನ್ ಎಮರ್ಜೆನ್ಸಿಯಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಮತ್ತು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ, ಎರಡನ್ನು ಹಿಡಿದು ಮಾಡಿದ್ದು. ಎರಡನೆಯದು ನಮ್ಮ ಮುಂಬಯಿಯ ಪ್ಲೇಗಿನಿಂದಲೇ ಹುಟ್ಟಿದ ಕಾಯ್ದೆ. ಅದೇ ವರ್ಷ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್ ಮನೆಮನೆಗೆ ಸೈನಿಕರನ್ನು ನುಗ್ಗಿಸಿದ, ಚಾಪೇಕರ್ ಸೋದರರ ಗುಂಡಿಗೆ ಬಲಿಯಾದ.

2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕ ಗಡಿ ಮುಚ್ಚಿದಾಗ ನಮ್ಮ ಹೋಟೆಲು ಹುಡುಗರು ಎಷ್ಟು ಒದ್ದಾಡಿದರು ಅಂತ ನಿಮಗೂ ಗೊತ್ತು. ಮುಚ್ಚಿದ ಹೋಟೆಲಿನ ಅಟ್ಟದ ಮೇಲೆ ಮಲಗಿಕೊಂಡು, ಇಲ್ಲಿ ಕೆಲಸ ಇಲ್ಲ, ಅಲ್ಲಿ ಮನೆಗೆ ಬಿಡಲ್ಲ ಅಂತ ಫೋನಿನಲ್ಲಿ ಅತ್ತವರಿದ್ದಾರೆ. ಸಂಕಟ ಎಮರ್ಜೆನ್ಸಿಗಿಂತ ಕಡಿಮೆ ಅಂತ ನಾನು ಹೇಳಲಾರೆ. ಆದರೆ ಹಕ್ಕುಗಳು ರದ್ದಾಗಿರಲಿಲ್ಲ, ಕೋರ್ಟುಗಳು ವಿಡಿಯೋದಲ್ಲಾದರೂ ಕೂತಿದ್ದವು. ಅದರಿಂದ ಏನು ವ್ಯತ್ಯಾಸ ಆಯಿತು ಅಂತ ನೋಡಿ. 2020ರ ಏಪ್ರಿಲಿನಲ್ಲಿ ಗುಜರಾತ್ ಸರಕಾರ, ಕೊರೊನಾ ಕೂಡ "ಸಾರ್ವಜನಿಕ ತುರ್ತು" ಅಂತ ಹೇಳಿ, ಕಾರ್ಖಾನೆಯವರು ದಿನಕ್ಕೆ 12 ಗಂಟೆ ದುಡಿಸಿಕೊಳ್ಳಬಹುದು, ಓವರ್‌ಟೈಮಿಗೆ ದುಪ್ಪಟ್ಟು ಕೊಡಬೇಕಿಲ್ಲ ಅಂತ ಆದೇಶ ಹೊರಡಿಸಿತು. ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟು ಅದನ್ನು ಕಿತ್ತುಹಾಕಿತು. ರೋಗ ಎಷ್ಟೇ ದೊಡ್ಡದಿರಲಿ, ಕಾರ್ಖಾನೆ ಕಾಯ್ದೆ ಹೇಳುವ ತುರ್ತು ಇದಲ್ಲ ಅಂದಿತು. 1975ರಲ್ಲಿ ಬೋನಸ್ ಕಳೆದುಕೊಂಡವರಿಗೆ ಹೀಗೆ ಕೇಳಲು ಯಾರಿದ್ದರು?

ಬ್ಯಾಂಕಿನ ದುಡ್ಡಿನ ವಿಷಯ ಚಿಕ್ಕದು. 360ನೇ ವಿಧಿಯ ಹಣಕಾಸು ಎಮರ್ಜೆನ್ಸಿ ಬಂದರೆ ಸರಕಾರಿ ನೌಕರರ, ನ್ಯಾಯಮೂರ್ತಿಗಳ ಸಂಬಳ ಕಡಿಮೆ ಮಾಡಬಹುದು. ರಾಜ್ಯಗಳ ಹಣಕಾಸು ಮಸೂದೆಗಳನ್ನು ರಾಷ್ಟ್ರಪತಿಗೆ ಕಳಿಸಿ ಅನ್ನಬಹುದು. ನಿಮ್ಮ ಠೇವಣಿ ಕಿತ್ತುಕೊಳ್ಳಲು ಅದರಲ್ಲಿ ಒಂದು ಮಾತೂ ಇಲ್ಲ. 2016ರ ನೋಟು ರದ್ದತಿ ಆದದ್ದು ರಿಸರ್ವ್ ಬ್ಯಾಂಕ್ ಕಾಯ್ದೆಯಡಿ, ಎಮರ್ಜೆನ್ಸಿಯಡಿ ಅಲ್ಲ.

ಕೊನೆಗೆ ಕೈಯಲ್ಲಿ ಇಟ್ಟುಕೊಳ್ಳಬೇಕಾದ ಮಾತು. ಮನೆಯವರನ್ನೋ ಪಕ್ಕದವರನ್ನೋ ಪೊಲೀಸರು ಕರೆದುಕೊಂಡು ಹೋದರೆ, ಯಾಕೆ ಅಂತ ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. 22ನೇ ವಿಧಿ ಹೇಳುವುದು ಇದನ್ನೇ. ಮುಂಜಾಗ್ರತೆಯ ಬಂಧನಕ್ಕೆ ಮಾತ್ರ ಬೇರೆ ನಿಯಮ, ಅಲ್ಲೂ ಆದಷ್ಟು ಬೇಗ ಕಾರಣ ತಿಳಿಸಬೇಕು. ಎಲ್ಲಿಟ್ಟಿದ್ದಾರೆ ಅಂತಲೇ ಗೊತ್ತಾಗದಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಹಾಕಬಹುದು, ಅಂದರೆ ಹಿಡಿದವರನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಅಂತ ಕೇಳುವ ಅರ್ಜಿ. ಹೆಂಡತಿ ಹಾಕಬಹುದು, ಅಣ್ಣ ಹಾಕಬಹುದು, ಗೆಳೆಯ ಕೂಡ ಹಾಕಬಹುದು. ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಹೆಂಗಸರಿಗೂ ಬಂಧನದಲ್ಲಿ ಇರುವವರಿಗೂ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಫೋನ್ ನಂಬರ್ 15100.

ಗಿರಣಿಯ ಆ ಮನುಷ್ಯ 1977ರ ಮಾರ್ಚ್ ಕೊನೆಗೆ ವಾಪಸ್ ಬಂದರು. ನಾಸಿಕ್ ಜೈಲಿನಲ್ಲಿ ಇದ್ದರಂತೆ. ಒಂದು ಸಂಜೆ ಹೋಟೆಲಿಗೆ ಬಂದು ಮೊದಲಿನ ಜಾಗದಲ್ಲೇ ಕೂತರು. ಚಾ ಕೊಟ್ಟೆ. ಧಣಿಗಳು ದುಡ್ಡು ತೆಗೆದುಕೊಳ್ಳಲಿಲ್ಲ. ಗಿರಣಿಯಲ್ಲಿ ಅವರ ಕೆಲಸ ಹೋಗಿತ್ತು. ಯಾಕೆ ಹಿಡಿದಿದ್ದರು ಅಂತ ಕೇಳಿದೆ. "ನನಗೂ ಹೇಳಲಿಲ್ಲ ಮಾರಾಯ" ಅಂದರು.

ನಿಮ್ಮ ಮಾವನವರ ಹತ್ತಿರ ಒಂದು ವಿಷಯ ಕೇಳಿ ನೋಡುತ್ತೀರಾ? ಆ ದಿನಗಳಲ್ಲಿ ಅವರ ಹೋಟೆಲಿನಿಂದಲೋ ಚಾಳಿನಿಂದಲೋ ರಾತ್ರಿ ಹೊತ್ತು ಯಾರನ್ನಾದರೂ ಕರೆದುಕೊಂಡು ಹೋಗಿದ್ದರಾ ಅಂತ. ಅವರ ಪ್ರಾಯದವರು ಈಗ ಹೆಚ್ಚು ಉಳಿದಿಲ್ಲ. ಹೆಸರು ಹೇಳದಿದ್ದರೂ ಪರವಾಗಿಲ್ಲ, ನೆನಪಿದ್ದಷ್ಟನ್ನು ಮಗಳ ಕೈಯಲ್ಲಿ ಬರೆಸಿ ಕಳಿಸಿ.